ದುಡ್ಡು ಕಟ್ಟಿದರೆ ಸಂಶೋಧನೆ ಬರುತ್ತದೆಯೇ?

ಪ್ರಶ್ನೆ: ನಾನು ಕುಂಬಳೆಯವಳು. ಬಿಎಸ್ಸಿ ಫಿಸಿಕ್ಸ್ ಎರಡನೇ ವರ್ಷ. ಮುಂದೆ ಪಿಎಚ್‌ಡಿ ಮಾಡುವ ಆಸೆ. ನಮ್ಮ ಕಾಲೇಜಿನಲ್ಲಿ ಸಂಶೋಧನೆ ಅಂತ ಏನೂ ಇಲ್ಲ. ಒಂದು ಆನ್‌ಲೈನ್ ಇಂಟರ್ನ್‌ಶಿಪ್‌ಗೆ ದುಡ್ಡು ಕಟ್ಟಿದರೆ ಸರ್ಟಿಫಿಕೇಟೂ ನಮ್ಮ ಹೆಸರಲ್ಲೊಂದು ಸಂಶೋಧನಾ ಪೇಪರೂ ಸಿಗುತ್ತದಂತೆ. ಸೇರಲೇ ಸರ್?

ಉತ್ತರ: ಬೇಡ. ಪ್ರತಿ ವರ್ಷ ಇದೇ ಪ್ರಶ್ನೆ, ನನಗೂ ಸಾಕಾಗಿದೆ. ದುಡ್ಡು ಇಸ್ಕೊಂಡು ವಾರದೊಳಗೆ ಪೇಪರ್ ಹಾಕಿಸಿಕೊಡುವವರು ಗೈಡ್‌ಗಳಲ್ಲ, ವ್ಯಾಪಾರಿಗಳು. ನಾಳೆ ಪಿಎಚ್‌ಡಿ ಸಂದರ್ಶನದಲ್ಲಿ ಆ ಪೇಪರಿನ ಗ್ರಾಫ್ ಮೇಲೆ ಬೆರಳಿಟ್ಟು "ಈ ಎರರ್ ಬಾರ್ (ಅಳತೆ ಎಷ್ಟು ಆಚೀಚೆ ಆಗಬಹುದು ಅಂತ ತೋರಿಸುವ ಗೆರೆ) ಎಲ್ಲಿಂದ ಬಂತು?" ಅಂದರೆ ಏನು ಹೇಳುತ್ತೀರಿ?

ನಿಮ್ಮ ಲ್ಯಾಬ್ ರೆಕಾರ್ಡ್ ತೆಗೆಯಿರಿ. ಪೆಂಡುಲಮ್ ಪ್ರಯೋಗದಲ್ಲಿ ಜಿ, ಅಂದರೆ ಗುರುತ್ವ ವೇಗೋತ್ಕರ್ಷದ ಬೆಲೆ ಸರಿಯಾಗಿ 9.8 ಬಂದಿದೆ, ಅಲ್ವಾ? ಇಡೀ ಕ್ಲಾಸಿಗೆ ಹಾಗೇ ಬಂದಿರುತ್ತದೆ. ಉತ್ತರ ಮೊದಲು ಬಂತು, ರೀಡಿಂಗ್ ಆಮೇಲೆ ಹುಟ್ಟಿತು. ಲ್ಯಾಬ್ ಸರ್ ಹತ್ತಿರ ಕೇಳಿ, ಒಂದು ಮಧ್ಯಾಹ್ನ ಅದೇ ಪೆಂಡುಲಮ್ ಮತ್ತೆ ಕಟ್ಟಿ. ಮೊದಲು 5 ಡಿಗ್ರಿಯಿಂದ ಬಿಡಿ, ಆಮೇಲೆ 30 ಡಿಗ್ರಿಯಿಂದ. ಎರಡನೆಯದರಲ್ಲಿ ಒಂದು ಸಲ ಹೋಗಿಬರುವ ಅವಧಿ ಶೇಕಡಾ 1.7ರಷ್ಟು ಜಾಸ್ತಿ ಇರಬೇಕು. ಸ್ಟಾಪ್‌ವಾಚ್ ಒತ್ತುವ ನಿಮ್ಮ ಬೆರಳು ಸೆಕೆಂಡಿನ ಐದನೇ ಒಂದು ಭಾಗ ತಡ ಮಾಡಿದರೂ ಇಷ್ಟು ಸಣ್ಣ ವ್ಯತ್ಯಾಸ ಕಾಣುವುದಿಲ್ಲ. ಹಾಗಾಗಿ 20 ಆಂದೋಲನ ಎಣಿಸಬೇಕು. ಆದರೆ ಎಣಿಸುತ್ತಾ ಹೋದಂತೆ ಗಾಳಿಗೆ ಕೋನವೇ ಕುಗ್ಗುತ್ತದೆ! ಈಗೇನು ಮಾಡುತ್ತೀರಿ? ಫೋನಿನಲ್ಲಿ ವಿಡಿಯೋ ಮಾಡಿ ಫ್ರೇಮ್ ಎಣಿಸುತ್ತೀರಾ? ಈ ತಲೆಬಿಸಿ ಶುರುವಾಯಿತು ಅಂದರೆ ನಿಮ್ಮ ಸಂಶೋಧನೆಯೂ ಶುರುವಾಯಿತು. ತಪ್ಪಿದ ರೀಡಿಂಗನ್ನು ರಬ್ಬರ್ ಹಾಕಿ ಅಳಿಸಬೇಡಿ. ಒಂದು ಗೆರೆ ಹೊಡೆದು ಪಕ್ಕದಲ್ಲಿ ಕಾರಣ ಬರೆಯಿರಿ.

ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗ್ರಾಫ್ ಹಾಕಿ ಎರಡು ಪುಟದ ವರದಿ ಮಾಡಿ. ಅದನ್ನು ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ಅಥವಾ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದ ಒಬ್ಬ ಅಧ್ಯಾಪಕರಿಗೆ ಕಳಿಸಿ, ಅವರ ಕೆಲಸವನ್ನು ಸ್ವಲ್ಪ ಓದಿಕೊಂಡ ಮೇಲೆ. "ರೆಸ್ಪೆಕ್ಟೆಡ್ ಸರ್ ಆರ್ ಮೇಡಂ" ಅಂತ ನೂರು ಜನಕ್ಕೆ ಒಂದೇ ಮೇಲ್ ಹೊಡೆದರೆ ನಾನಂತೂ ತೆರೆಯುವುದೇ ಇಲ್ಲ. ನೀವು ಕೆಲಸ ಮಾಡಿದ್ದನ್ನು ಕಣ್ಣಾರೆ ಕಂಡವರ ಶಿಫಾರಸು ಪತ್ರಕ್ಕೆ ಇರುವ ತೂಕ ಸರ್ಟಿಫಿಕೇಟಿಗೆ ಇಲ್ಲ.

ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೂ ಅರ್ಜಿ ಹಾಕಿ. ಅಲ್ಲಿ ನೀವು ದುಡ್ಡು ಕಟ್ಟುವುದಿಲ್ಲ, ಅವರೇ ಕೊಡುತ್ತಾರೆ. ಅರ್ಜಿ ಕರೆಯುವುದು ಹಿಂದಿನ ವರ್ಷದ ಕೊನೆಗೆ. ಮಾರ್ಚ್‌ನಲ್ಲಿ ನನಗೆ ಫೋನ್ ಮಾಡಿ ಅಳಬೇಡಿ.

ಪ್ರಶ್ನೆ: ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ತೊಂದರೆ ಆಗುತ್ತಾ?

ಉತ್ತರ: ಇಲ್ಲ. ಕ್ಯಾಲ್ಕುಲಸ್ ಬಾರದಿದ್ದರೆ ಆಗುತ್ತದೆ.

ಪ್ರಶ್ನೆ: ಐನ್‌ಸ್ಟೈನ್ ಹೇಳಿದ್ದು ತಪ್ಪು ಅಂತ ನನ್ನ ಮಗ ಸಾಧಿಸಿದ್ದಾನೆ. ನೋಡುತ್ತೀರಾ?

ಉತ್ತರ: ಮೊದಲು ಪೆಂಡುಲಮ್ ಲೆಕ್ಕ ಕಳಿಸಲಿ.

ಪ್ರಶ್ನೆ: ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಡಿಗ್ರಿ ಬಂದಿದೆ. ನಾಲ್ಕನೇ ವರ್ಷ ಓದಲೇಬೇಕಾ?

ಉತ್ತರ: ಕೂತು ಕೆಲಸ ಮಾಡಿಸುವ ಗೈಡ್ ಇದ್ದರೆ ಓದಿ. ಸುಮ್ನೆ ಸಹಿ ಹಾಕುವವರಾದರೆ ಮೂರಕ್ಕೇ ಮುಗಿಸಿ ಎಂಎಸ್ಸಿಗೆ ಹೋಗಿ.