ಪುಣೆಯ ಅಂಚನ್ನು ನಕ್ಷೆಯಲ್ಲಿ ಗುರುತಿಸುವುದು ಹೇಗೆ?

ಪುಣೆ ಎಲ್ಲಿ ಮುಗಿದು ಹಳ್ಳಿ ಎಲ್ಲಿ ಶುರುವಾಗುತ್ತದೆ, ಮಹಾನಗರಪಾಲಿಕೆಯ ಗಡಿ ಹಿಡಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಪಾಲಿಕೆ 2017ರಲ್ಲಿ 11, 2021ರಲ್ಲಿ 23 ಹಳ್ಳಿಗಳನ್ನು ಸೇರಿಸಿಕೊಂಡಿತು. ಆ ಹೊತ್ತಿಗೆ ಅವುಗಳಲ್ಲೊಂದಾದ ವಾಘೋಲಿಯಲ್ಲಿ ಅಪಾರ್ಟ್‌ಮೆಂಟುಗಳು ಎದ್ದು ಎಷ್ಟೋ ಕಾಲವಾಗಿತ್ತು. ಹಿಂಜವಡಿಯ ಐಟಿ ಪಾರ್ಕಂತೂ ಬೆಳೆದದ್ದೇ ಗ್ರಾಮ ಪಂಚಾಯಿತಿಯ ನೆಲದಲ್ಲಿ. ನೀವು ಹುಡುಕಬೇಕಾದದ್ದು ಗೆರೆಯನ್ನಲ್ಲ, ಬದಲಾಗುತ್ತಿರುವ ನೆಲದ ಒಂದು ಪಟ್ಟಿಯನ್ನು.

ಮೊದಲು 2011ರ ಜನಗಣತಿ ತೆಗೆಯಿರಿ. 5,000 ಜನ, ಚದರ ಕಿ.ಮೀ.ಗೆ 400 ಸಾಂದ್ರತೆ, ಗಂಡಸರಲ್ಲಿ ಮುಖ್ಯ ದುಡಿಮೆಗಾರರ ಪೈಕಿ ಶೇ. 75 ಮಂದಿ ಬೇಸಾಯದ ಹೊರಗೆ: ಮೂರೂ ಇದ್ದರೆ ಜನಗಣತಿಯ ಲೆಕ್ಕದಲ್ಲಿ ಅದು ಪಟ್ಟಣ. ಮೂರನೆಯ ಅಂಕಿ ಶೇ. 50ರಿಂದ 75ರೊಳಗಿರುವ ಹಳ್ಳಿಗಳನ್ನು ನಾನಾದರೆ ಮೊದಲು ಗುರುತು ಹಾಕುತ್ತೇನೆ. ಅಂಕಿ ಹಳೆಯದು, ಹಾಗಾಗಿ ಇದು ಆರಂಭ ಮಾತ್ರ.

ಆಮೇಲೆ ನಕ್ಷೆ ರಚಿಸುವ ಉಚಿತ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ 1 ಕಿ.ಮೀ. ಚೌಕಗಳ ಜಾಲ ಹಾಸಿ, ಸೆಂಟಿನೆಲ್-2 ಉಪಗ್ರಹದ ಎರಡು ಚಿತ್ರ ಇಳಿಸಿಕೊಳ್ಳಿ, ಒಂದು 2016ರದು, ಇನ್ನೊಂದು ಇತ್ತೀಚಿನದು. ಎರಡೂ ನವೆಂಬರಿನವೇ ಆಗಿರಲಿ. ಚೌಕದಲ್ಲಿ ಕಟ್ಟಡ ಶೇ. 10ಕ್ಕಿಂತ ಕಡಿಮೆ ಇದ್ದರೆ ಹಳ್ಳಿ, 50 ದಾಟಿದರೆ ನಗರ, ನಡುವಿನದು ನಿಮ್ಮ ಪಟ್ಟಿ ಎಂದು ಹಿಡಿದು, ಸ್ಥಳಕ್ಕೆ ಹೋಗಿ ನೋಡಿದ ಮೇಲೆ ಈ ಮಿತಿಗಳನ್ನು ತಿದ್ದಿ.

ಎಡವುವುದು ಚಿತ್ರ ಓದುವಲ್ಲೇ. ಏಪ್ರಿಲ್ ಚಿತ್ರದಲ್ಲಿ ಬೋಳುಗುಡ್ಡ, ಗರಸು ನೆಲ, ಬೀಳುಬಿಟ್ಟ ಹೊಲ ಎಲ್ಲವೂ, ಕಟ್ಟಡ ಗುರುತಿಸಲು ಬಳಸುವ ಎನ್‌ಡಿಬಿಐ ಸೂಚ್ಯಂಕದಲ್ಲಿ ಕಟ್ಟಡದಂತೆಯೇ ಕಾಣುತ್ತವೆ, ಯಾಕೆಂದರೆ ಒಣ ಮಣ್ಣೂ ಕಾಂಕ್ರೀಟೂ ಕಿರುತರಂಗ ಅವಕೆಂಪು ಬೆಳಕನ್ನು ಹೆಚ್ಚುಕಡಿಮೆ ಒಂದೇ ಥರ ಮರಳಿಸುತ್ತವೆ. ತಳೇಗಾವ್ ಕಡೆಯ ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್‌ಗಳು, ವಾಘೋಲಿ ಸುತ್ತಲಿನ ಕಲ್ಲುಗಣಿಗಳೂ ಹೀಗೇ ಮೋಸ ಮಾಡುತ್ತವೆ. ತಿರುಗಾಮುರುಗಾ ತಪ್ಪೂ ಉಂಟು: ಖಡಕ್‌ವಾಸ್ಲಾದ ಸೇನಾ ಅಕಾಡೆಮಿಯ ಹಸಿರು ಹಳ್ಳಿಯಲ್ಲ. ಸೇನೆಯ ಜಾಗಗಳನ್ನು ಮೊದಲೇ ಬೇರೆ ಪದರದಲ್ಲಿ ತೆಗೆದಿಡಿ.

ಉಪಗ್ರಹಕ್ಕೆ ಎಂದೂ ಕಾಣದ್ದು ಭೂಮಿಯ ಮಾರಾಟ. ಮೂವತ್ತು ನಲವತ್ತು ಚೌಕಗಳಿಗಾದರೂ ಹೋಗಿ ನೋಡಿ: ಬಿತ್ತನೆ ನಿಂತ ಹೊಲಕ್ಕೆ ತಂತಿಬೇಲಿ, ಗುಂಟೆ ಲೆಕ್ಕದ ಪ್ಲಾಟಿನ ಬೋರ್ಡು (ಗುಂಟೆಗೆ 1,089 ಚದರ ಅಡಿ), ಕಬ್ಬಿನ ಗದ್ದೆಯ ಪಕ್ಕ ನೀರಿನ ಟ್ಯಾಂಕರು, ಕೂಲಿಯವರ ತಗಡಿನ ಶೆಡ್ಡು. ಆ ಜಾಗದ ಸಾತ್‌ಬಾರಾ, ಅಂದರೆ ನಮ್ಮ ಪಹಣಿ, ಆನ್‌ಲೈನಿನಲ್ಲೇ ಸಿಗುತ್ತದೆ. ಒಂದೇ ಗಟ್ ನಂಬರಿನಲ್ಲಿ (ನಮ್ಮ ಸರ್ವೆ ನಂಬರಿನಂಥದ್ದು) ಹತ್ತಾರು ಹೆಸರಿದ್ದರೆ ಅಡ್ಡಹೆಸರು ನೋಡಿ. ಎಲ್ಲ ಒಂದೇ ಆದರೆ ಬಹುತೇಕ ಅಣ್ಣತಮ್ಮಂದಿರ ಪಾಲು, ಬೇರೆ ಬೇರೆಯಾದರೆ ನೆಲ ಕೈ ಬದಲಿಸಿರುವ ಸಾಧ್ಯತೆ ಹೆಚ್ಚು. ಒಂದೇ ಒಂದು ಮನೆ ಏಳದಿದ್ದರೂ ಅಂಥ ಚೌಕವನ್ನು ಪಟ್ಟಿಯೊಳಗೆ ಸೇರಿಸಿ.