ಓದುಗರ ಪ್ರಶ್ನೆ: ಕೊಟ್ಟಿಗೆಯಲ್ಲಿ ಹುಟ್ಟಿದ ಕರುವನ್ನೇ ಯಾಕೆ ಮಾರಬೇಕು?

(ಸಹಕಾರ ಸಂಘಗಳ ಲೆಕ್ಕ ಪರಿಶೋಧಕರಾಗಿ ಮಂಡ್ಯ ಜಿಲ್ಲೆಯಲ್ಲಿ ದುಡಿದು ನಿವೃತ್ತರಾದ, ಒಂದು ಕಾಲಕ್ಕೆ ಫುಟ್‌ಬಾಲ್ ಕ್ಲಬ್ಬಿನ ಖಜಾಂಚಿಯೂ ಆಗಿದ್ದ ನಮ್ಮ ಅಂಕಣಕಾರರು ಈ ಸಲ ಆಟ ಮತ್ತು ಹಣದ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಸರ್, ನಾನು ಬಿ.ಕಾಂ. ಎರಡನೇ ವರ್ಷದ ವಿದ್ಯಾರ್ಥಿ. ಹಾಸ್ಟೆಲಿನಲ್ಲಿ ಎಲ್ಲರೂ ಸೇರಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ನೋಡುತ್ತೇವೆ. ಮಿತಿ ಮೀರಿ ನಷ್ಟ ಮಾಡಿಕೊಂಡಿತೆಂದು ಎವರ್ಟನ್ ತಂಡದ ಅಂಕ ಕಿತ್ತುಕೊಂಡರು. ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೂ ಹಾಗೇ ಆಯಿತು. ಮ್ಯಾಂಚೆಸ್ಟರ್ ಸಿಟಿಯ ವಿಷಯ ಮಾತ್ರ ವರ್ಷಗಟ್ಟಲೆ ಎಳೆಯಿತು. ಮಾಲೀಕ ತನ್ನ ದುಡ್ಡು ತಾನು ಹಾಕಿದರೆ ಲೀಗಿಗೇನು ನಷ್ಟ? ಇದು ದೊಡ್ಡ ತಂಡಗಳನ್ನು ಕಾಯುವ ನಿಯಮವಲ್ಲವೇ?
– ಓದುಗ, ಮಂಡ್ಯ

ಉತ್ತರ: ಲೆಕ್ಕಶಾಸ್ತ್ರದ ವಿದ್ಯಾರ್ಥಿ ಕೇಳಿದ ಪ್ರಶ್ನೆ, ಲೆಕ್ಕದಿಂದಲೇ ಶುರು ಮಾಡೋಣ.

2013ರಲ್ಲಿ ಪ್ರೀಮಿಯರ್ ಲೀಗ್ ತಂದ, 2025–26ರವರೆಗಿನ ನಿಯಮದ ಪ್ರಕಾರ ಒಂದು ಕ್ಲಬ್ಬು ಮೂರು ವರ್ಷಗಳಲ್ಲಿ ಒಟ್ಟು 10.5 ಕೋಟಿ ಪೌಂಡ್‌ಗಿಂತ ಹೆಚ್ಚು ನಷ್ಟ ಮಾಡಿಕೊಳ್ಳುವಂತಿಲ್ಲ. ಅದರಲ್ಲೂ 1.5 ಕೋಟಿ ದಾಟಿದ್ದನ್ನು ಮಾಲೀಕನೇ ಬಂಡವಾಳ ಹಾಕಿ ತುಂಬಿಕೊಡಬೇಕು. ಎಳೆಯರ ತರಬೇತಿ, ಮಹಿಳಾ ತಂಡ, ಇಂಥ ಖರ್ಚುಗಳನ್ನು ಈ ಲೆಕ್ಕದಿಂದ ಬಿಟ್ಟಿದ್ದಾರೆ. ಎವರ್ಟನ್ನಿನ ನಷ್ಟ 12.45 ಕೋಟಿ ಆಗಿತ್ತು, ಅಂದರೆ 1.95 ಕೋಟಿ ಹೆಚ್ಚು. 2023ರ ನವೆಂಬರಿನಲ್ಲಿ 10 ಅಂಕ ಕಳೆದರು. ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು. ಮರುವರ್ಷ ಏಪ್ರಿಲಿನಲ್ಲಿ ಇನ್ನೊಂದು ಅವಧಿಯ ಲೆಕ್ಕಕ್ಕೆ ಮತ್ತೆ 2 ಹೋಯಿತು. ಫಾರೆಸ್ಟ್ ಎರಡು ವರ್ಷ ಕೆಳಗಿನ ದರ್ಜೆಯಲ್ಲಿ ಆಡಿ ಮೇಲೆ ಬಂದ ತಂಡವಾದ್ದರಿಂದ ಅದಕ್ಕಿದ್ದ ಮಿತಿ 6.1 ಕೋಟಿ ಮಾತ್ರ. 3.45 ಕೋಟಿ ಮೀರಿತು, 4 ಅಂಕ ಕಳೆದುಕೊಂಡಿತು.

ಸಿಟಿಯ ವಿಷಯ ಬೇರೆ, ಅದನ್ನು ಬೇರೆಯಾಗಿಯೇ ನೋಡಬೇಕು. ಎವರ್ಟನ್ ಮಿತಿ ಮೀರಿದ್ದನ್ನು ಒಪ್ಪಿಕೊಂಡಿತು. ಸಿಟಿಯ ಮೇಲೆ 2023ರ ಫೆಬ್ರವರಿಯಲ್ಲಿ ಹೊರಿಸಿದ ನೂರಕ್ಕೂ ಹೆಚ್ಚು ಆರೋಪಗಳಲ್ಲಿ ಮುಖ್ಯವಾದದ್ದು, ಕೊಟ್ಟ ಲೆಕ್ಕವೇ ನಿಜವಲ್ಲ ಎಂಬುದು. ಕ್ಲಬ್ಬು ಅದನ್ನು ಪೂರ್ತಿ ನಿರಾಕರಿಸಿದೆ. ನಮ್ಮ ಸಹಕಾರ ಕಾಯ್ದೆಯಲ್ಲೂ 63ನೇ ಕಲಮಿನ ಆಡಿಟ್ ಬೇರೆ, 64ನೇ ಕಲಮಿನ ವಿಚಾರಣೆ ಬೇರೆ. ಹಾಲಿನ ಸಂಘದ ನಗದು ಪುಸ್ತಕದಲ್ಲಿ ನಲವತ್ತು ಸಾವಿರ ಕಡಿಮೆ ಬಿದ್ದು, ಕಾರ್ಯದರ್ಶಿ "ಹೌದು ಸ್ವಾಮಿ, ಬಿದ್ದಿದೆ" ಎಂದರೆ ನನ್ನ ವರದಿ ಸಂಜೆಯೊಳಗೆ ಮುಗಿಯುತ್ತಿತ್ತು. ವೋಚರೇ ಸುಳ್ಳು ಎಂದು ಯಾರಾದರೂ ದೂರು ಕೊಟ್ಟರೆ, ಸಹಿ ಹಾಕಿದವರು, ಹಣ ಪಡೆದವರು, ಬ್ಯಾಂಕಿನವರು, ಒಬ್ಬೊಬ್ಬರನ್ನೇ ಕರೆದು ಕೂರಿಸಬೇಕು. ಹಾಗಾಗಿ ತಡವಾದದ್ದನ್ನೇ ಪಕ್ಷಪಾತ ಎನ್ನಲಾರೆ. ಆದರೆ ತಡ ಮಾಡಿಸಲು ಬೇಕಾದ ವಕೀಲರನ್ನು ಇಡುವ ಶಕ್ತಿ ಎಲ್ಲ ಕ್ಲಬ್ಬಿಗೂ ಇಲ್ಲ. ನಿಮ್ಮ ಸಿಟ್ಟಿನಲ್ಲಿ ಅಷ್ಟು ಸತ್ಯ ಖಂಡಿತ ಇದೆ.

ಇನ್ನು, "ಮಾಲೀಕ ತನ್ನ ದುಡ್ಡು ತಾನು ಹಾಕಿದರೆ?" ಎಂದಿರಿ. ಇದಕ್ಕೆ ನನ್ನ ಬಳಿ ಪುಸ್ತಕದ ಉತ್ತರಕ್ಕಿಂತ ಬೇರೆಯದೇ ಒಂದಿದೆ.

ತೊಂಬತ್ತರ ದಶಕದಲ್ಲಿ ನಮ್ಮದೊಂದು ಕ್ಲಬ್ಬಿತ್ತು. ಹುಡುಗರೆಲ್ಲ ನಮ್ಮ ಬೀದಿಯವರೇ, ವಂತಿಗೆ ತಿಂಗಳಿಗೆ ಹತ್ತು ರೂಪಾಯಿ. ಒಬ್ಬ ಗುತ್ತಿಗೆದಾರರು ಬಂದು "ಖರ್ಚು ನನ್ನದು, ಕಪ್ ನಿಮ್ಮದು" ಎಂದರು. ಬೆಂಗಳೂರಿನ ಆಸ್ಟಿನ್ ಟೌನಿನಿಂದ ಮೂವರು ಆಟಗಾರರನ್ನು ಕರೆಸಿದೆವು. ಪಂದ್ಯಕ್ಕಿಷ್ಟು ಎಂದು ಕೈಗೆ, ಜೊತೆಗೆ ಬಸ್ ಚಾರ್ಜು, ಲಾಡ್ಜು, ಊಟ. ಹೊಸ ಜೆರ್ಸಿ, ಬೂಟು, ಆರು ಚೆಂಡು, ಎಲ್ಲವನ್ನೂ ಕ್ರೀಡಾ ಸಾಮಗ್ರಿಯ ಅಂಗಡಿಯಲ್ಲಿ ನನ್ನ ಹೆಸರಿಗೆ ಸಾಲ ಬರೆಸಿದೆವು. ಆ ವರ್ಷ ಚೆನ್ನಾಗಿ ಆಡಿದೆವು, ಅದನ್ನು ಮರೆಯಲಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ಆ ಪುಣ್ಯಾತ್ಮರಿಗೆ ಏನೋ ತೊಂದರೆಯಾಯಿತು, ಮೈದಾನದ ಕಡೆ ಬರುವುದು ನಿಂತಿತು. ಅಂಗಡಿಯವರು ಮನೆಗೆ ಬಂದರು. ಕೊನೆಗೆ ನಾವೇ ವೆಲ್ಡಿಂಗ್ ಮಾಡಿಸಿ ನೆಟ್ಟಿದ್ದ ಎರಡು ಜೊತೆ ಗೋಲ್ ಪೋಸ್ಟುಗಳನ್ನು ಕಿತ್ತು ಗುಜರಿಗೆ ಹಾಕಿದೆವು. ಗುಜರಿಯವನು ಬಿಳಿ ಬಣ್ಣವನ್ನು ಉಗುರಿನಿಂದ ಕೆರೆದು, ಒಳಗೆ ತುಕ್ಕು ಎಷ್ಟಿದೆ ನೋಡಿ ತಕ್ಕಡಿಗಿಟ್ಟ. ಪೈಪು ಕಿತ್ತ ಗುಂಡಿಗಳಲ್ಲಿ ಮಳೆನೀರು ನಿಂತಿತ್ತು. ಮರುದಿನ ಸಂಜೆ ಚಿಕ್ಕ ಹುಡುಗರು ಎಂದಿನಂತೆ ಬಂದು, ಆ ಗುಂಡಿಗಳ ಪಕ್ಕ ಎರಡು ಇಟ್ಟಿಗೆ ಇಟ್ಟುಕೊಂಡು ಆಡಿದರು.

ಇದೇ ಕಥೆ ಅಲ್ಲಿ ದೊಡ್ಡದಾಗಿ ನಡೆದಿದೆ. 2008ರಲ್ಲಿ ಎಫ್.ಎ. ಕಪ್ ಗೆದ್ದ ಪೋರ್ಟ್ಸ್‌ಮತ್ 2010ರಲ್ಲಿ ದಿವಾಳಿಯ ಅಂಚಿಗೆ ಬಂದು 9 ಅಂಕ ಕಳೆದುಕೊಂಡು ಕೆಳಗಿನ ದರ್ಜೆಗೆ ಇಳಿಯಿತು. 1885ರಲ್ಲಿ ಹುಟ್ಟಿದ ಬೆರಿ ಎಂಬ ಕ್ಲಬ್ಬನ್ನು ಹಣದ ವ್ಯವಸ್ಥೆ ತೋರಿಸಲಾಗಲಿಲ್ಲವೆಂದು 2019ರಲ್ಲಿ ಲೀಗಿನಿಂದಲೇ ಹೊರಹಾಕಿದರು. ಮಾಲೀಕ ಬರುತ್ತಾನೆ, ಹೋಗುತ್ತಾನೆ. ಆಟಗಾರನ ಜೊತೆ ಮಾಡಿಕೊಂಡ ಐದು ವರ್ಷದ ಒಪ್ಪಂದ ಮಾತ್ರ ಕ್ಲಬ್ಬಿನ ಹೆಗಲ ಮೇಲೆ ಉಳಿಯುತ್ತದೆ. ಅದಕ್ಕೇ ಖರ್ಚಿಗೆ ಕಡಿವಾಣ ಬೇಕೇ ಬೇಕು ಎನ್ನುವವನು ನಾನು.

ಆದರೆ ಕ್ಲಬ್ಬು ಮುಳುಗದಂತೆ ನೋಡಿಕೊಳ್ಳುವುದು ಒಂದು ಕೆಲಸ, ನ್ಯಾಯ ಇನ್ನೊಂದು. ಯೂರೋಪಿನ ಫುಟ್‌ಬಾಲ್ ಒಕ್ಕೂಟ ಯುಇಎಫ್‌ಎ ಈ ಎರಡನ್ನೂ ಸೇರಿಸಿ "ಫೈನಾನ್ಷಿಯಲ್ ಫೇರ್ ಪ್ಲೇ" (ಹಣಕಾಸಿನಲ್ಲಿ ನ್ಯಾಯದ ಆಟ) ಎಂದು ಹೆಸರಿಟ್ಟದ್ದೇ ಗೊಂದಲಕ್ಕೆ ಮೂಲ. ಅದರ ಈಗಿನ ನಿಯಮದಂತೆ ಆಟಗಾರರ ಸಂಬಳ, ವರ್ಗಾವಣೆ, ಏಜೆಂಟರ ಖರ್ಚು ಕ್ಲಬ್ಬಿನ ಆದಾಯದ ಶೇ 70 ಮೀರಬಾರದು. ಪ್ರೀಮಿಯರ್ ಲೀಗಿನ ಕ್ಲಬ್ಬುಗಳೂ 2025ರ ನವೆಂಬರಿನಲ್ಲಿ ಮತ ಹಾಕಿ, ಹಳೆಯ ನಷ್ಟದ ಮಿತಿಯ ಬದಲು 2026–27ರಿಂದ ಶೇ 85ರ ಮಿತಿಗೆ ಒಪ್ಪಿವೆ. ಲೆಕ್ಕಕ್ಕೆ ಹೇಳುತ್ತೇನೆ: 60 ಕೋಟಿ ಆದಾಯದವನಿಗೆ ಶೇ 85 ಎಂದರೆ 51 ಕೋಟಿ, 15 ಕೋಟಿಯವನಿಗೆ 13 ಕೋಟಿಯೂ ಇಲ್ಲ. ಇಬ್ಬರೂ ನಿಯಮ ಪಾಲಿಸಿದ್ದಾರೆ, ಇಬ್ಬರಿಗೂ ಒಂದೇ ಶೇಕಡಾವಾರು, ಆದರೆ ಅಂತರ ಕರಗುವ ದಾರಿಯೇ ಇಲ್ಲ. ದೊಡ್ಡವರ ಕಾವಲಿಗೆಂದೇ ಮಾಡಿದರೋ ಇಲ್ಲವೋ, ಫಲ ಮಾತ್ರ ನೀವು ಹೇಳಿದ್ದೇ.

ನನಗೆ ಎಲ್ಲಕ್ಕಿಂತ ನೋವಾಗುವ ವಿಷಯ ಮತ್ತೊಂದಿದೆ, ಅದನ್ನು ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಆಟಗಾರನನ್ನು 10 ಕೋಟಿ ಪೌಂಡಿಗೆ ಕೊಂಡು ಐದು ವರ್ಷದ ಒಪ್ಪಂದ ಮಾಡಿದರೆ ವರ್ಷಕ್ಕೆ 2 ಕೋಟಿಯಂತೆ ಸವಕಳಿ ಬರೆಯುತ್ತಾರೆ. ಎರಡು ವರ್ಷ ಕಳೆದು 7 ಕೋಟಿಗೆ ಮಾರಿದರೆ ಪುಸ್ತಕದಲ್ಲಿ ಉಳಿದಿರುವ ಬೆಲೆ 6 ಕೋಟಿ, ಲಾಭ 1 ಕೋಟಿ. ಕ್ಲಬ್ಬಿನಲ್ಲೇ ಬೆಳೆದ ಹುಡುಗನಿಗೆ ಪುಸ್ತಕದಲ್ಲಿ ಬೆಲೆಯೇ ಇಲ್ಲ, ಸೊನ್ನೆ. ಅವನನ್ನು 7 ಕೋಟಿಗೆ ಮಾರಿದರೆ 7 ಕೋಟಿಯೂ ಲಾಭ. ನಮ್ಮ ಕಡೆ ಎಂಬತ್ತು ಸಾವಿರ ಕೊಟ್ಟು ತಂದ ಹಸುವೂ ಇದೆ, ಕೊಟ್ಟಿಗೆಯಲ್ಲೇ ಹುಟ್ಟಿ ಮನೆಮಂದಿಯ ಕೈಯಲ್ಲಿ ಬೆಳೆದ ಕರುವೂ ಇದೆ ಎನ್ನಿ. ಸಾಲದ ಗಡುವು ಬಂದಾಗ, "ಕರು ಮಾರಿದರೆ ಲೆಕ್ಕ ಬೇಗ ಸರಿಹೋಗುತ್ತದೆ" ಎಂದು ಬ್ಯಾಂಕೇ ಹೇಳಿದಂತಾಯಿತು ಈ ನಿಯಮ.

2024ರ ಜೂನಿನಲ್ಲಿ ನ್ಯೂಕ್ಯಾಸಲ್ ಮಾಡಿದ್ದು ಅದನ್ನೇ. ಎಲಿಯಟ್ ಆಂಡರ್ಸನ್ ಎಂಟನೇ ವಯಸ್ಸಿನಿಂದ ಆ ಕ್ಲಬ್ಬಿನಲ್ಲೇ ಬೆಳೆದವನು, ಆ ಸೀಮೆಯವನೇ. ಲೆಕ್ಕ ಮುಗಿಸುವ ಜೂನ್ 30ರ ಗಡುವಿಗೆ ಅವನನ್ನು ಮಾರಿದರು. ಕೊಂಡದ್ದು ಯಾರು? ಫಾರೆಸ್ಟ್. ಅದೇ ಫಾರೆಸ್ಟ್ ಹಿಂದಿನ ವರ್ಷ ತನ್ನ ಮನೆಯ ಹುಡುಗ ಬ್ರೆನನ್ ಜಾನ್ಸನ್‌ನನ್ನು ಒಳ್ಳೆಯ ಬೆಲೆಗೆ ಕಾದು, ಗಡುವು ದಾಟಿ ಸೆಪ್ಟೆಂಬರಿನಲ್ಲಿ ಟಾಟನ್‌ಹ್ಯಾಮ್‌ಗೆ ಮಾರಿತ್ತು. ಆ ಹಣವನ್ನು ಹಿಂದಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ ಎಂದರೆ ಆರೋಪ ವಿಚಾರಿಸಿದ ಆಯೋಗ ಒಪ್ಪಲಿಲ್ಲ. ಆಲೆಮನೆಯ ಮುಂದೆ ನಿಂತು ಬೆಲ್ಲದ ಧಾರಣೆ ಏರಲೆಂದು ಕಾಯುವ ರೈತನಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ಇತ್ತ ಚೆಲ್ಸಿ ತನ್ನ ಎರಡು ಹೋಟೆಲುಗಳನ್ನು ತನ್ನದೇ ಒಡೆಯರ ಇನ್ನೊಂದು ಕಂಪನಿಗೆ 7.65 ಕೋಟಿ ಪೌಂಡಿಗೆ ಮಾರಿ ಲೆಕ್ಕ ಸರಿಮಾಡಿಕೊಂಡಿತು. ಪ್ರೀಮಿಯರ್ ಲೀಗ್ ಅದನ್ನು ಒಪ್ಪಿತು. ಹೋಟೆಲ್ ಇದ್ದವರು ಹೋಟೆಲ್ ಮಾರಿದರು, ಇಲ್ಲದವರು ಹುಡುಗನನ್ನು ಮಾರಿದರು. ಇದನ್ನು ನ್ಯಾಯ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ನನ್ನ ಕೈಗೆ ಕೊಟ್ಟರೆ ಏನು ಮಾಡುತ್ತಿದ್ದೆ ಎಂದೂ ಹೇಳಿಬಿಡುತ್ತೇನೆ. ಮಾಲೀಕ ಖರ್ಚು ಮಾಡಲಿ, ಆದರೆ ಒಪ್ಪಂದದ ಪೂರ್ತಿ ಮೊತ್ತವನ್ನು ಮೊದಲೇ ಬ್ಯಾಂಕಿನಲ್ಲಿ ಠೇವಣಿ ಇಡಲಿ. ಅವನು ನಾಳೆ ಬಿಟ್ಟು ಹೋದರೂ ಕ್ಲಬ್ಬು ಉಳಿಯುತ್ತದೆ. ಮನೆಯಲ್ಲಿ ಬೆಳೆದ ಹುಡುಗನನ್ನು ಮಾರಿದ ಲಾಭವನ್ನು ಒಂದೇ ವರ್ಷಕ್ಕೆ ಸೇರಿಸದೆ ಐದು ವರ್ಷಕ್ಕೆ ಹಂಚಲಿ. ಆಗ ಅವನನ್ನು ಗಡುವಿನ ಹಿಂದಿನ ದಿನ ಅವಸರದಲ್ಲಿ ಮಾರುವ ಆಸೆ ತಾನಾಗಿ ಕಡಿಮೆಯಾಗುತ್ತದೆ.

ಪ್ರಶ್ನೆ: ನಾನು ದೈಹಿಕ ಶಿಕ್ಷಣ ಶಿಕ್ಷಕಿ. ಐಪಿಎಲ್‌ನಲ್ಲಿ ಎಲ್ಲ ತಂಡಗಳಿಗೂ ಒಂದೇ ಮೊತ್ತ ಕೊಟ್ಟು ಹರಾಜಿಗೆ ಕೂರಿಸುತ್ತಾರಲ್ಲ, ಫುಟ್‌ಬಾಲಿನಲ್ಲಿ ಯಾಕೆ ಹಾಗೆ ಮಾಡುವುದಿಲ್ಲ?
– ಓದುಗರು, ಮೈಸೂರು

ಉತ್ತರ: ಮೇಡಂ, ನೀವು ಮೈಸೂರಿನವರು, ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುವುದನ್ನು ನೋಡಿರುತ್ತೀರಿ. ಹಿರಿಯ ಉಸ್ತಾದರು ಇಬ್ಬರು ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ, ತೂಕ, ಮೈಕಟ್ಟು, ಅನುಭವ ನೋಡಿ "ಸರಿ" ಎಂದ ಮೇಲೆ ಇಬ್ಬರೂ ಕೈ ಹಿಡಿಯುತ್ತಾರೆ. ಐಪಿಎಲ್ ಹರಾಜೂ ಜೋಡಿ ಕಟ್ಟುವುದೇ. 2025ರ ಹರಾಜಿಗೆ ಹತ್ತು ತಂಡಕ್ಕೂ ತಲಾ 120 ಕೋಟಿ. ಒಡೆಯರ ಆಸ್ತಿ ಎಷ್ಟಿದ್ದರೂ ಅಷ್ಟೇ. ಯೂರೋಪಿನ ಫುಟ್‌ಬಾಲ್ ನಿಯಮ ಹಾಗಲ್ಲ. ಅದು "ನಿಮ್ಮ ನಿಮ್ಮ ಮನೆಯಲ್ಲಿ ಇರುವುದಕ್ಕಿಂತ ಹೆಚ್ಚು ಹಾಲು ತುಪ್ಪ ತಿನ್ನಬೇಡಿ" ಎನ್ನುತ್ತದೆ. ಹತ್ತು ಹಸು ಕಟ್ಟಿದವರ ಮನೆ ಪೈಲ್ವಾನನೂ ಒಂದೇ ಹಸುವಿನ ಮನೆಯ ಹುಡುಗನೂ ಒಂದೇ ಅಖಾಡಕ್ಕೆ ಇಳಿಯುತ್ತಾರೆ.

ಆದರೂ ಐಪಿಎಲ್ ದಾರಿ ಅಲ್ಲಿ ಸುಲಭವಲ್ಲ. ಐಪಿಎಲ್‌ನಲ್ಲಿ ಕೊನೆಗೆ ಬಂದ ತಂಡ ಕೆಳಗಿನ ದರ್ಜೆಗೆ ಬೀಳುವುದಿಲ್ಲ, ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಇಂಗ್ಲೆಂಡಿನಲ್ಲಿ ಮೂರು ತಂಡ ಬೀಳುತ್ತವೆ, ಮೂರು ಏಳುತ್ತವೆ. ಬಿದ್ದವರ ಆದಾಯ ಒಂದೇ ಏಟಿಗೆ ಕುಸಿಯುತ್ತದೆ. ಇಂಗ್ಲೆಂಡ್ ಮಾತ್ರ ಎಲ್ಲ ಕ್ಲಬ್ಬಿಗೂ ಸಂಬಳಕ್ಕೆ ಒಂದೇ ಮಿತಿ ಹಾಕಿದರೆ ಆಟಗಾರ ಮ್ಯಾಡ್ರಿಡ್‌ಗೋ ಮ್ಯೂನಿಕ್‌ಗೋ ಹೋಗುತ್ತಾನೆ. ಸ್ಪೇನಿನ ಲಾ ಲಿಗಾ ಪ್ರತಿ ಕ್ಲಬ್ಬಿಗೂ ಅದರ ಆದಾಯ, ಸಾಲ ನೋಡಿ ಮೊದಲೇ ಸಂಬಳದ ಮಿತಿ ಬರೆದುಕೊಡುತ್ತದೆ. 2021ರ ಆಗಸ್ಟಿನಲ್ಲಿ ಮೆಸ್ಸಿಯೂ ಉಳಿಯಲು ಒಪ್ಪಿದ್ದರು, ಬಾರ್ಸಿಲೋನಾ ಕೂಡ ಒಪ್ಪಿತ್ತು. ಆದರೂ ಮಿತಿಯೊಳಗೆ ಅವರ ಹೆಸರು ನೋಂದಾಯಿಸಲು ಆಗಲಿಲ್ಲ. ಹದಿಮೂರನೇ ವಯಸ್ಸಿಗೆ ಆ ಊರಿಗೆ ಬಂದವರು ಮೈಕಿನ ಮುಂದೆ ಕಣ್ಣೊರೆಸಿಕೊಳ್ಳುತ್ತಾ ಹೊರಟರು. ಅಷ್ಟಾದರೂ ಆ ನಿಯಮ ಒಳ್ಳೆಯದೆಂದೇ ನನ್ನ ಅಭಿಪ್ರಾಯ: ಆಟ ಮುಗಿದ ಮೇಲೆ ಅಂಕ ಕಳೆಯುವುದಕ್ಕಿಂತ, ಖರ್ಚಿಗೆ ಮೊದಲೇ ತಡೆಯುವುದು ಮೇಲು. ಅಂಕ ಕಳೆದರೆ ಶಿಕ್ಷೆ ಬೀಳುವುದು ಟಿಕೆಟ್ ಕೊಂಡ ಅಭಿಮಾನಿಗೆ.

ಜರ್ಮನಿಯವರು 50+1 ಎಂಬ ನಿಯಮದಲ್ಲಿ ಮತದ ಬಹುಪಾಲನ್ನು ಕ್ಲಬ್ಬಿನ ಸದಸ್ಯರ ಕೈಯಲ್ಲೇ ಇಟ್ಟಿದ್ದಾರೆ. ನಮ್ಮ ಹಾಲಿನ ಸಂಘದಂತೆ. ನನಗೆ ತುಂಬಾ ಇಷ್ಟವಾದ ನಿಯಮ ಅದು. ಹಾಗಿದ್ದೂ 2013ರಿಂದ 2023ರವರೆಗೆ ಸತತ ಹನ್ನೊಂದು ಸಲ ಬಯರ್ನ್ ಮ್ಯೂನಿಕ್ ಒಂದೇ ಅಲ್ಲಿನ ಲೀಗ್ ಗೆದ್ದಿತು. ಸಮಬಲ ಬರಬೇಕಾದರೆ ಬರುವ ಹಣವನ್ನು ಹಂಚಬೇಕು, ಖರ್ಚಿಗೆ ಮಾತ್ರ ಬೇಲಿ ಹಾಕಿದರೆ ಸಾಲದು. ಸ್ಪೇನಿನಲ್ಲಿ 2015ರ ಕಾನೂನು ಬರುವ ತನಕ ಪ್ರತಿ ಕ್ಲಬ್ಬೂ ಟಿ.ವಿ. ಹಕ್ಕನ್ನು ತಾನೇ ಮಾರಿಕೊಳ್ಳುತ್ತಿತ್ತು, ದೊಡ್ಡ ಎರಡು ಕ್ಲಬ್ಬುಗಳಿಗೆ ಸಿಂಹಪಾಲು. ಇಂಗ್ಲೆಂಡಿನಲ್ಲಿ ದೇಶದೊಳಗಿನ ಟಿ.ವಿ. ಹಣದ ಅರ್ಧವನ್ನು ಇಪ್ಪತ್ತು ತಂಡಕ್ಕೂ ಸಮವಾಗಿ ಹಂಚುತ್ತಾರೆ. ಆ ಅರ್ಧ ಮುಕ್ಕಾಲಾದರೆ ಹೇಗಿರುತ್ತದೆ ಎಂದು ಶನಿವಾರ ರಾತ್ರಿ ಪಂದ್ಯ ನೋಡುವಾಗೆಲ್ಲ ಯೋಚಿಸುತ್ತೇನೆ.

ಪ್ರಶ್ನೆ: ಅಣ್ಣ, ನಮ್ಮೂರ ತಂಡಕ್ಕೆ ಟೂರ್ನಮೆಂಟ್ ಇದೆ. ಒಬ್ಬ ದಾನಿಗಳು ಇಬ್ಬರು ಹೊರಗಿನ ಆಟಗಾರರ ಖರ್ಚು ಕೊಡುತ್ತೇವೆ ಎಂದಿದ್ದಾರೆ. ಕರೆಸಬಹುದಾ?
– ತಂಡದ ಖಜಾಂಚಿ, ಪಾಂಡವಪುರ ತಾಲ್ಲೂಕು

ಉತ್ತರ: ಕರೆಸಪ್ಪ. ಆದರೆ ದುಡ್ಡು ಮೊದಲು ಕೈಗೆ ಬರಲಿ, ಕ್ಲಬ್ಬಿನ ಖಾತೆಗೇ ಬೀಳಲಿ, ರಸೀದಿ ಕೊಡು. ಅಂಗಡಿಯಲ್ಲಿ ನಿನ್ನ ಸ್ವಂತ ಹೆಸರಿಗೆ ಸಾಲ ಬರೆಸಬೇಡ. ನಗದು ಪುಸ್ತಕ ಬರೆಯುವವನು ಒಬ್ಬ, ಹಣ ಇಟ್ಟುಕೊಳ್ಳುವವನು ಇನ್ನೊಬ್ಬ ಇರಲಿ. ಆ ಇಬ್ಬರು ಬಂದರೆ ಹೊರಗೆ ಕೂರಬೇಕಾದ ನಿಮ್ಮೂರ ಇಬ್ಬರು ಹುಡುಗರು ಯಾರು ಅಂತ ಇವತ್ತೇ ತೀರ್ಮಾನ ಮಾಡಿ, ಅವರ ಮನೆಗೆ ನೀನೇ ಹೋಗಿ ಹೇಳು; ಮೈದಾನದಲ್ಲಿ ಜೆರ್ಸಿ ಹಂಚುವಾಗ ಗೊತ್ತಾಗುವುದು ಬೇಡ. ಗೋಲ್ ಪೋಸ್ಟಿನ ಬುಡಕ್ಕೆ ಈ ಮಳೆಗಾಲದ ಮೊದಲು ಒಂದು ಕೈ ರೆಡ್ ಆಕ್ಸೈಡ್ ಬಳಿಸು.