ಸುಪ್ರೀಂ ಕೋರ್ಟ್ ಜಡ್ಜ್ ಸಾಲಕ್ಕೆ ಜೈಲು ಸೇರಿದ್ದು ನಿಜವಾ?

ಪ್ರಶ್ನೆ: ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ವಕೀಲ ಜೇಮ್ಸ್ ವಿಲ್ಸನ್, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಆಗಿದ್ದಾಗಲೇ ಸಾಲ ತೀರಿಸಲಾಗದೆ ಜೈಲಿಗೆ ಹೋದ ಎಂದು ಓದಿದೆ. ಇದು ಕಟ್ಟುಕಥೆ ಅಲ್ವಾ? ನಿಜವೇ ಆದರೆ ಹುದ್ದೆಯಿಂದ ಯಾಕೆ ತೆಗೆಯಲಿಲ್ಲ?

ಉತ್ತರ: ಕಟ್ಟುಕಥೆ ಅಲ್ಲ. ಒಂದಲ್ಲ, ಎರಡು ಸಲ ಹೋದ.

ವಿಲ್ಸನ್ ಹುಟ್ಟಿದ್ದು 1742ರಲ್ಲಿ, ಸ್ಕಾಟ್ಲೆಂಡಿನ ರೈತರ ಮನೆಯಲ್ಲಿ. ಫಿಲಡೆಲ್ಫಿಯಾಕ್ಕೆ ಬಂದು ಜಾನ್ ಡಿಕಿನ್ಸನ್ ಎಂಬ ಹೆಸರಾಂತ ವಕೀಲನ ಹತ್ತಿರ ಕಾನೂನು ಕಲಿತ. 1776ರ ಜುಲೈ 2ರಂದು ಸ್ವಾತಂತ್ರ್ಯದ ಪ್ರಶ್ನೆ ಮತಕ್ಕೆ ಬಂದಾಗ ಗುರು ಹೊರಗುಳಿದ, ಶಿಷ್ಯ ‘ಹೌದು’ ಎಂದ. ಇಬ್ಬರೂ ಪ್ರತಿನಿಧಿಸಿದ್ದ ಪೆನ್ಸಿಲ್ವೇನಿಯಾದ ಮತ ಸ್ವಾತಂತ್ರ್ಯದ ಪರ ಬಿದ್ದಿದ್ದು ಬರೀ 3–2ರಲ್ಲಿ! ಹಾಗಂತ ವಿಲ್ಸನ್ ಬಿಸಿರಕ್ತದವನೇನಲ್ಲ. ಕೆಲವೇ ವಾರಗಳ ಹಿಂದೆ, ಇನ್ನೂ ಸ್ವಲ್ಪ ಕಾಯೋಣ ಎನ್ನುವವರ ಸಾಲಿನಲ್ಲಿದ್ದ.

1787ರ ಸಂವಿಧಾನ ಸಭೆಯಲ್ಲಿ ಅವನ ಮಾತು ಜೋರಾಗಿಯೇ ನಡೆಯಿತು. ಆಡಳಿತಕ್ಕೆ ಒಬ್ಬನೇ ಮುಖ್ಯಸ್ಥ ಸಾಕು ಎಂದು ಸೂಚಿಸಿದವನು ಇವನು. ಆ ಮುಖ್ಯಸ್ಥನನ್ನು ಜನರೇ ಆರಿಸಲಿ ಎಂದೂ ಹೇಳಿದ. ಅದಕ್ಕೆ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಆದರೆ ಐವರು ಗುಲಾಮರನ್ನು ಮೂವರು ಎಂದು ಲೆಕ್ಕ ಹಿಡಿದು ರಾಜ್ಯಗಳಿಗೆ ಸಂಸತ್ತಿನ ಸೀಟು ಹಂಚುವ ಸೂತ್ರ ಮಂಡಿಸಿದ್ದೂ ಇವನೇ. ಅದನ್ನು ಮುಚ್ಚಿಟ್ಟು ಸುಮ್ನೆ ಹೊಗಳುವುದು ನನ್ನ ಕೈಲಾಗದು.

1789ರಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವನನ್ನು ಸುಪ್ರೀಂ ಕೋರ್ಟಿಗೆ ನೇಮಿಸಿದ. ಅಷ್ಟರಲ್ಲಾಗಲೇ ಜಮೀನಿನ ಹುಚ್ಚು ಹಿಡಿದಿತ್ತು. ಯುರೋಪಿನಿಂದ ಜನ ಬರುತ್ತಾರೆ, ಕಾಡು ಜಮೀನಿಗೂ ಬೆಲೆ ಏರುತ್ತದೆ ಎಂಬ ಲೆಕ್ಕಾಚಾರ. ಸಾಲ ತಂದು ಎಕರೆಗಟ್ಟಲೆ ಕೊಂಡ, ಹಳೇ ಸಾಲ ತೀರಿಸಲು ಹೊಸ ಸಾಲ ಮಾಡಿದ. 1796–97ರಲ್ಲಿ ಪೇಟೆಯಲ್ಲಿ ದುಡ್ಡು ಬತ್ತಿತು. ಜಮೀನು ಕೇಳುವವರು ಇಲ್ಲ, ಸಾಲ ಕೇಳುವವರು ಮಾತ್ರ ಬಾಗಿಲಲ್ಲಿ.

ಆಗ ಸಾಲ ಕೊಟ್ಟವನು ದಾವೆ ಹೂಡಿ, ಸಾಲ ಮಾಡಿದವನನ್ನು ಜೈಲಿಗೆ ಹಾಕಿಸಬಹುದಿತ್ತು. ಮೋಸ ಮಾಡಿದ್ದಾನೆ ಅಂತ ಸಾಬೀತು ಮಾಡಬೇಕಿರಲಿಲ್ಲ. ಜಡ್ಜ್ ಆದರೂ ರಿಯಾಯಿತಿ ಇಲ್ಲ. ವಿಲ್ಸನ್ ಊರು ಬಿಟ್ಟು ತಲೆಮರೆಸಿಕೊಂಡ. ಅಂಗಿ, ಕಾಲುಚೀಲ, ಸಾಧ್ಯವಾದಷ್ಟು ದುಡ್ಡು ತಗೊಂಡು ಬಾ ಎಂದು ಮಗನಿಗೆ ಕಾಗದ ಬರೆದ. ದೇಶದ ಅತಿ ದೊಡ್ಡ ಕೋರ್ಟಿನ ನ್ಯಾಯಮೂರ್ತಿಗೆ ತೊಡಲು ಅಂಗಿ ಇಲ್ಲ! ನ್ಯೂಜೆರ್ಸಿಯ ಬರ್ಲಿಂಗ್ಟನ್‌ನಲ್ಲಿ ಸಿಕ್ಕಿಬಿದ್ದ. ಆ ಸಾಲ ಕಟ್ಟಿ ಬಿಡಿಸಿದ್ದೂ ಮಗನೇ.

ಅಲ್ಲಿಂದ ದಕ್ಷಿಣಕ್ಕೆ, ನಾರ್ತ್ ಕ್ಯಾರೊಲೈನಾಕ್ಕೆ ಓಡಿದ. ಅಲ್ಲೂ ಬಿಡಲಿಲ್ಲ. ಈ ಸಲ ಹಿಡಿಸಿದವನು ಪಿಯರ್ಸ್ ಬಟ್ಲರ್. ಸಂವಿಧಾನ ಸಭೆಯಲ್ಲಿ ಜೊತೆಗೇ ಕೂತಿದ್ದವನು. ಬಾಕಿ 1,97,000 ಡಾಲರ್. ಹೊರಬಂದ ಮೇಲೆ ಈಡೆಂಟನ್ ಎಂಬ ಊರಿನ ಹೋಟೆಲೊಂದರಲ್ಲಿ ಹೆಂಡತಿ ಹ್ಯಾನಾ ಜೊತೆ ಉಳಿದ. ಮಲೇರಿಯಾ ಬಂತು, ಆಮೇಲೆ ಪಾರ್ಶ್ವವಾಯು. 1798ರ ಆಗಸ್ಟ್ 21ರಂದು ತೀರಿಕೊಂಡ. ವಯಸ್ಸು 55.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯನ್ನು ತೆಗೆಯಲು ವಾಗ್ದಂಡನೆ, ಅಂದರೆ ಸಂಸತ್ತಿನಲ್ಲಿ ಆರೋಪ ಹೊರಿಸಿ ವಿಚಾರಣೆ ನಡೆಸುವುದು, ಒಂದೇ ದಾರಿ. ಅದನ್ನು ಯಾರೂ ಹೂಡಲಿಲ್ಲ. ಅವನೂ ರಾಜೀನಾಮೆ ಕೊಡಲಿಲ್ಲ. ಹಾಗಾಗಿ ಸಾಯುವಾಗಲೂ ನ್ಯಾಯಮೂರ್ತಿಯೇ. ಖಾಲಿಯಾದ ಜಾಗಕ್ಕೆ ಬಂದವನು ಜಾರ್ಜ್ ವಾಷಿಂಗ್ಟನ್ನನ ತಮ್ಮನ ಮಗ ಬುಶ್‌ರಾಡ್. ವಕೀಲಿಕೆಯನ್ನು ಅವನು ಕಲಿತದ್ದು ವಿಲ್ಸನ್ ಹತ್ತಿರವೇ.